ತೊಗರಿಬೇಳೆ ದಾಸ್ತಾನು: 18446744073709551615 ಪ್ಯಾಕೆಟ್

ಶುಕ್ರವಾರ ಸಂಜೆ ಆರೂವರೆಗೆ ಫೋನ್ ಬಂತು. ಆ ಹೊತ್ತಿಗೆ ಬರುವ ಫೋನಿನಲ್ಲಿ ಒಳ್ಳೆ ಸುದ್ದಿ ಇರುವುದಿಲ್ಲ ಅಂತ ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ದಿನಸಿ ಅಂಗಡಿಗಳ ದಾಸ್ತಾನು ಲೆಕ್ಕ ಇಡುವ ಒಂದು ಸಣ್ಣ ಸಾಫ್ಟ್‌ವೇರ್ ನಮ್ಮದು. ಆ ಕಡೆಯಿಂದ ಅಂಗಡಿಯವರು ತುಂಬಾ ಸಮಾಧಾನದಲ್ಲೇ ಕೇಳಿದರು: "ಸಾರ್, ನಮ್ಮ ಹತ್ರ ತೊಗರಿಬೇಳೆ ಎಷ್ಟಿದೆ ಅಂತ ಒಂದ್ಸಲ ನೋಡ್ತೀರಾ?"

ನೋಡಿದೆ. ತೊಗರಿಬೇಳೆ, 1 ಕೆಜಿ ಪ್ಯಾಕೆಟ್, ದಾಸ್ತಾನು: 18446744073709551615.

ತಪ್ಪು ನನ್ನದೇ. ಆ ಸಾಲು ಬರೆದದ್ದು ನಾನೇ, ಬೇರೆಯವರ ಮೇಲೆ ಹಾಕುವ ಹಾಗೂ ಇರಲಿಲ್ಲ. ದಾಸ್ತಾನು ಸೊನ್ನೆ ಇದ್ದಾಗ ಕೌಂಟರಿನಲ್ಲಿ ಯಾರೋ ಒಂದು ಪ್ಯಾಕೆಟ್ ಬಿಲ್ ಮಾಡಿದ್ದಾರೆ. ಸೊನ್ನೆಯಿಂದ ಒಂದು ಕಳೆದರೆ ಮೈನಸ್ ಒಂದು. ಆದರೆ ನಾನು ಆ ಜಾಗವನ್ನು ಮೈನಸ್ ಚಿಹ್ನೆಯೇ ಇಲ್ಲದ 64 ಬಿಟ್ ಸಂಖ್ಯೆ ಅಂತ ಘೋಷಿಸಿದ್ದೆ, "ಬೇಳೆ ಪ್ಯಾಕೆಟ್ ಯಾವತ್ತಾದರೂ ಮೈನಸ್ ಆಗುತ್ತಾ" ಅನ್ನುವ ಧೈರ್ಯದಲ್ಲಿ. ಹಳೇ ಬೈಕಿನ ಮೀಟರು 00000 ಇದ್ದಾಗ ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರೆ 99999 ಆಗುತ್ತದಲ್ಲ, ಹಾಗೆ. ಇಲ್ಲಿ ಪ್ರತಿ ಚಕ್ರದಲ್ಲೂ 0 ಮತ್ತು 1 ಎರಡೇ ಅಂಕಿ, ಒಟ್ಟು 64 ಚಕ್ರ, ಎಲ್ಲವೂ ಒಟ್ಟಿಗೆ ತಿರುಗಿ 1ಕ್ಕೆ ನಿಂತಿವೆ. ಅರವತ್ನಾಲ್ಕು ಒಂದುಗಳ ಸಾಲು. ನಮ್ಮ ಲೆಕ್ಕದಲ್ಲಿ 2⁶⁴ − 1.

ರಿಪೇರಿಗೆ ಹಿಡಿದದ್ದು ಹತ್ತು ನಿಮಿಷ. ಆ ಸಂಖ್ಯೆ ಮಾತ್ರ ತಲೆಯಿಂದ ಹೋಗಲಿಲ್ಲ. ಆಮೇಲಿನ ಒಂದು ವಾರ ಬಸ್ಸಿನಲ್ಲಿ ಅದರ ಜೊತೆಗೇ ಓಡಾಡಿದೆ. ಅದರ ಕತೆ ಇದು.

ಮೊದಲು ಓದಲು ಕಷ್ಟಪಟ್ಟೆ. ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಕೋಟಿಯ ಮೇಲೆ ನಾವು ದಿನಾ ಬಳಸುವ ಹೆಸರು ಇಲ್ಲವಲ್ಲ, ಹಾಗಾಗಿ "1,84,467 ಕೋಟಿ ಕೋಟಿ, ಅದರ ಮೇಲೆ 44,07,370 ಕೋಟಿ, 95 ಲಕ್ಷ, 51 ಸಾವಿರದ 615" ಅಂತ ಓದಬೇಕು. ಓದಿ ಮುಗಿಸುವಷ್ಟರಲ್ಲಿ ಶುರು ಎಲ್ಲಿ ಮಾಡಿದ್ದು ಅನ್ನೋದೇ ಮರೆತುಹೋಗುತ್ತದೆ.

ಆದರೆ ನಮ್ಮವರ ಹತ್ತಿರ ಹೆಸರುಗಳು ಇದ್ದವು. ಕ್ರಿ.ಶ. 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಭಾಷೆ ಸಂಸ್ಕೃತ, ಕಾಲ ರಾಷ್ಟ್ರಕೂಟರದ್ದು. ಅದರಲ್ಲಿ ಅವನು 24 ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಕೋಟಿ, ದಶಕೋಟಿ, ಶತಕೋಟಿ ಆದ ಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಹೀಗೆ ಹೋಗಿ ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ನನ್ನ ಬೇಳೆಯ ಸಂಖ್ಯೆಗೆ 20 ಅಂಕಿ. ಇಪ್ಪತ್ತನೇ ಸ್ಥಾನ ಅಂದರೆ ಮಹಾಶಂಖ. ಸರಿ, ನಮ್ಮ ಅಂಗಡಿಯಲ್ಲಿ ಇದ್ದದ್ದು ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ ಚಿಲ್ಲರೆ ಪ್ಯಾಕೆಟ್ ತೊಗರಿಬೇಳೆ. ಹೀಗೆ ಹೇಳಿದ್ದರೆ ಅಂಗಡಿಯವರಿಗೂ ಸ್ವಲ್ಪ ಗೌರವ ಅನ್ನಿಸುತ್ತಿತ್ತೇನೋ.

ಕಂಪ್ಯೂಟರಿಗೂ ಈ ಸಂಖ್ಯೆ ಅಷ್ಟು ಸಲೀಸಲ್ಲ. ಒಂದು ಸ್ಪ್ರೆಡ್‌ಶೀಟಿಗೆ ಅಂಟಿಸಿದೆ, 18446744073709500000 ಆಯಿತು. ಹದಿನೈದು ಅಂಕಿ ಇಟ್ಟುಕೊಂಡು ಬಾಲ ಕತ್ತರಿಸಿ ಸೊನ್ನೆ ತುಂಬಿದೆ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್‌ಗೆ ಕೊಟ್ಟೆ, ಅದು 18446744073709552000 ಅಂದಿತು. ದಶಮಾಂಶಕ್ಕೆ ಅಂತ ಮಾಡಿದ ಸಂಖ್ಯೆಯ ಪೆಟ್ಟಿಗೆಯಲ್ಲಿ ನಿಖರತೆಗೆ 53 ಬಿಟ್ ಅಷ್ಟೇ ಜಾಗ, ಉಳಿದದ್ದು ಅಂದಾಜು. ಅಂದರೆ ಒಂದೇ ಸಂಜೆ ಒಂದೇ ಸಂಖ್ಯೆಗೆ ಮೂರು ಬಾಲ ನೋಡಿದೆ. ಸರಿಯಾದ ಬಾಲ ಯಾವುದು ಅಂತ ಖಾತ್ರಿ ಮಾಡಿಕೊಳ್ಳಲು ಪೆನ್ನು ಹಿಡಿಯಬೇಕಾಯಿತು.

ಪೆನ್ನಿನಲ್ಲಿ 2⁶⁴ ಮಾಡಲು 63 ಸಲ ಎರಡರಿಂದ ಗುಣಿಸಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿದ್ದು ನೆನಪಿದೆಯಾ? ಯಮಾತಾರಾಜಭಾನಸಲಗಂ? ಮೂರು ಅಕ್ಷರದ ಗಣ, ಪ್ರತಿ ಅಕ್ಷರ ಲಘು ಅಥವಾ ಗುರು, ಹಾಗಾಗಿ ಎಂಟೇ ಗಣ. 2 × 2 × 2. ಕನ್ನಡ ಮೇಷ್ಟ್ರು ಹೇಳಿಕೊಟ್ಟದ್ದೂ ಬಿಟ್‌ಗಳ ಲೆಕ್ಕವೇ, ಆಗ ಯಾರೂ ಹಾಗೆ ಕರೆಯುತ್ತಿರಲಿಲ್ಲ ಅಷ್ಟೆ. 64 ಅಕ್ಷರದ ಸಾಲಿಗೆ ಎಷ್ಟು ಬಗೆಯ ಪ್ರಸ್ತಾರ ಅಂತ ಕೇಳಿದರೆ ಉತ್ತರ 2⁶⁴. ಅದನ್ನು ಬೇಗ ಲೆಕ್ಕ ಹಾಕುವ ಉಪಾಯ ಪಿಂಗಳನ ಛಂದಸ್ಸೂತ್ರದಲ್ಲೇ ಇದೆ: ದ್ವಿರರ್ಧೇ, ರೂಪೇ ಶೂನ್ಯಂ, ದ್ವಿಃ ಶೂನ್ಯೇ, ತಾವದರ್ಧೇ ತದ್ಗುಣಿತಮ್. ಸರಳವಾಗಿ ಹೇಳಿದರೆ, ಸಮ ಸಂಖ್ಯೆ ಇದ್ದರೆ ಅರ್ಧ ಮಾಡು, ಬೆಸ ಇದ್ದರೆ ಒಂದು ಕಳೆ. ಆಮೇಲೆ ವಾಪಸ್ ಬರುವಾಗ ಅರ್ಧ ಮಾಡಿದ ಕಡೆ ಇದ್ದದ್ದನ್ನು ಅದರಿಂದಲೇ ಗುಣಿಸು, ಒಂದು ಕಳೆದ ಕಡೆ ಎರಡರಿಂದ ಗುಣಿಸು.

64ನ್ನು ಅರ್ಧ ಮಾಡುತ್ತಾ ಹೋದರೆ 32, 16, 8, 4, 2, 1. ವಾಪಸ್ ಬರುವಾಗ ಮೆಟ್ಟಿಲು ಹೀಗೆ: 2, 4, 16, 256, 65536, 4294967296, ಆಮೇಲೆ ನಮ್ಮ ಗಜಗಾತ್ರದ ಸಂಖ್ಯೆ. ಆರೇ ಗುಣಾಕಾರ. ಮೊದಲ ನಾಲ್ಕು ಬಾಯಲ್ಲೇ ಆಗುತ್ತದೆ (256 × 256 ಬಾಯಲ್ಲಿ ಆಗದವರು ಈ ಕೆಲಸಕ್ಕೆ ಬರಲೇಬಾರದು ಅಂತ ನಮ್ಮ ಹಳೇ ಸೀನಿಯರ್ ಒಬ್ಬರು ಹೇಳುತ್ತಿದ್ದರು, ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ). ಕೊನೆಯದು ಮಾತ್ರ, 4294967296 ಗುಣಿಸು 4294967296, ಬಸ್ಸಿನ ಕುಲುಕಾಟದಲ್ಲಿ ಎರಡು ಸಲ ತಪ್ಪಾಗಿ ಮೂರನೇ ಸಲ ಬಂತು. ಕೊನೆಗೆ 616. ಒಂದು ಕಳೆದರೆ 615. ಸ್ಪ್ರೆಡ್‌ಶೀಟೂ ಅಲ್ಲ, ಬ್ರೌಸರೂ ಅಲ್ಲ, ಆ ಅಂಗಡಿಯ ಪರದೆ ತೋರಿಸಿದ್ದೇ ಸರಿ.

ಈ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಪ್ಪತ್ತು ಅಂಕಿಯ ಯಾವುದೋ ಒಂದು ಸಂಖ್ಯೆ ಕೊಟ್ಟು "ಇದನ್ನು ಅಪವರ್ತನಗಳಾಗಿ ಬಿಡಿಸು" ಅಂದರೆ ಕೈಯಲ್ಲಿ ಸಾಧ್ಯವಿಲ್ಲದ ಮಾತು. 2, 3, 5, 7 ಅಂತ ಒಂದೊಂದೇ ಭಾಗಿಸುತ್ತಾ ಹೋದರೆ ಜೀವನ ಮುಗಿಯುತ್ತದೆ. ಆದರೆ ಈ ಸಂಖ್ಯೆ ಬೇರೆ ಥರ. ಹೊರಗಿನಿಂದ ನೋಡಿದರೆ ಅಡ್ಡಾದಿಡ್ಡಿ ಅಂಕಿಗಳು, ಒಳಗೆ ನೋಡಿದರೆ ಬರೀ ಒಂದು ಒಂದು ಒಂದು.

ಎರಡರ ಲೆಕ್ಕ ಸದ್ಯಕ್ಕೆ ಬಿಟ್ಟು ನಮ್ಮ ಹತ್ತರ ಲೆಕ್ಕಕ್ಕೇ ಬನ್ನಿ. 11111111, ಎಂಟು ಒಂದು. ಇದನ್ನು ನಾಲ್ಕು ನಾಲ್ಕಾಗಿ ಮಡಚಿದರೆ 1111 × 10001. ಆ 1111ನ್ನು ಮತ್ತೆ ಮಡಚಿದರೆ 11 × 101. ಒಟ್ಟು 11 × 101 × 10001. ಬಟ್ಟೆ ಮಡಚಿದ ಹಾಗೆ, ಪ್ರತಿ ಮಡಿಕೆಗೂ ಒಂದು ಅಪವರ್ತನ ಉದುರುತ್ತದೆ. ಅರವತ್ನಾಲ್ಕು ಒಂದುಗಳನ್ನು ಆರು ಸಲ ಮಡಚಬಹುದು. ಹಾಗಾಗಿ ಆರು ತುಂಡು. ಇನ್ನೊಂದು ದಾರಿಯಲ್ಲಿ ಹೇಳಬೇಕೆಂದರೆ, ಎರಡು ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ, ಎಂಟನೇ ಕ್ಲಾಸಿನ ಸೂತ್ರ. 2⁶⁴ − 1 ಅಂದರೆ (2³² + 1)(2³² − 1). ಎರಡನೆಯದನ್ನು ಮತ್ತೆ ಒಡೆಯಿರಿ. ಮತ್ತೆ. ಮತ್ತೆ. ಕೊನೆಗೆ ಕೈಯಲ್ಲಿ ಉಳಿಯುವುದು:

3 × 5 × 17 × 257 × 65537 × 4294967297.

ಈಗ ಪಿಂಗಳನ ಮೆಟ್ಟಿಲು ನೋಡಿ. 2, 4, 16, 256, 65536, 4294967296. ಪ್ರತಿ ಮೆಟ್ಟಿಲಿಗೂ ಒಂದು ಸೇರಿಸಿದರೆ ಇದೇ ಪಟ್ಟಿ! ಸಂಖ್ಯೆಯನ್ನು ಕಟ್ಟಲು ಹತ್ತಿದ ಮೆಟ್ಟಿಲುಗಳೇ ಅದನ್ನು ಬಿಚ್ಚುವಾಗ ಒಂದೊಂದು ಹೆಚ್ಚಾಗಿ ಕೈಗೆ ಬರುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸಿನಲ್ಲಿ ಇದು ಹೊಳೆದಾಗ ಪಕ್ಕದ ಸೀಟಿನವರಿಗೆ ತೋರಿಸೋಣ ಅನ್ನಿಸಿತು. ತೋರಿಸಲಿಲ್ಲ. ಅವರು ನಿದ್ದೆಯಲ್ಲಿದ್ದರು.

3, 5, 17, 257, 65537. ಇವೈದೂ ಅವಿಭಾಜ್ಯ. ಹಾಗಾದರೆ ಆರನೆಯದೂ ಅವಿಭಾಜ್ಯ ಇರಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ನನಗಿಂತ ತುಂಬಾ ಮುಂಚೆ, 1640ರ ಹೊತ್ತಿಗೆ, ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಕೂಡ ಹಾಗೇ ಅಂದುಕೊಂಡಿದ್ದ. ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಅಂತ ಅವನು ನಂಬಿದ್ದ. ಅದಕ್ಕೇ ಇವತ್ತಿಗೂ ಇವು ಫರ್ಮಾ ಸಂಖ್ಯೆಗಳು. 1732ರಲ್ಲಿ ಲಿಯೋನಾರ್ಡ್ ಆಯ್ಲರ್ ಬಂದು 4294967297ನ್ನು 641ರಿಂದ ಭಾಗಿಸಿ ತೋರಿಸಿದ. ಶೇಷ ಸೊನ್ನೆ. ಭಾಗಲಬ್ಧ 6700417.

641! ಅಷ್ಟು ಚಿಕ್ಕದು! ಅವತ್ತು ರಾತ್ರಿ ಊಟ ಮುಗಿಸಿ ಅಡುಗೆಮನೆ ಟೇಬಲ್ ಮೇಲೆ ಕೂತು ನಾನೂ ಭಾಗಿಸಿ ನೋಡಿದೆ. ಐದು ನಿಮಿಷದ ಕೆಲಸ. ಆದರೆ ಆಯ್ಲರ್‌ಗೆ 641 ಸಿಕ್ಕಿದ್ದು ಹೇಗೆ ಅನ್ನೋದೇ ನಿಜವಾದ ಮಜಾ. 2³² + 1ಕ್ಕೆ ಯಾವುದಾದರೂ ಅವಿಭಾಜ್ಯ ಅಪವರ್ತನ ಇದ್ದರೆ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಹಾಗಾಗಿ 65, 129, 193, 257, 321, 385, 449, 513, 577, 641 ಇವಷ್ಟನ್ನೇ ನೋಡಿದರೆ ಸಾಕು. ಇದರಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಐದನೇ ಪ್ರಯತ್ನಕ್ಕೆ ಗುರಿ! 1878ರಲ್ಲಿ ಎದುವಾರ್ ಲ್ಯೂಕಾಸ್ ಇನ್ನೂ ಬಿಗಿ ಮಾಡಿದ, 64 ಅಲ್ಲ 128ರ ಶೇಷ 1 ಇರಬೇಕು ಅಂತ. ಹಾಗೆ ನೋಡಿದರೆ 641ಕ್ಕಿಂತ ಮುಂಚೆ ಸಿಗುವ ಅವಿಭಾಜ್ಯ 257 ಒಂದೇ. ಅದೂ ಇದೇ ಸಾಲಿನ ಅಣ್ಣ, ಫರ್ಮಾ ಸಂಖ್ಯೆಗಳಲ್ಲಿ ಒಂದು ಇನ್ನೊಂದರ ಜೊತೆ ಅಪವರ್ತನ ಹಂಚಿಕೊಳ್ಳುವುದಿಲ್ಲ, ಹಾಗಾಗಿ ಅದನ್ನು ಬಿಟ್ಟುಬಿಡಬಹುದು. ಮೊದಲ ನಿಜವಾದ ಪ್ರಯತ್ನವೇ 641. ಫರ್ಮಾನಂಥ ಫರ್ಮಾ ಇದನ್ನು ಮಾಡಿ ನೋಡಲಿಲ್ಲ ಅಥವಾ ಮಾಡುವಾಗ ಎಲ್ಲೋ ಎಡವಿದ. ನನಗೆ ಇದು ತುಂಬಾ ಸಮಾಧಾನ ಕೊಡುತ್ತದೆ. "ಬೇಳೆ ಮೈನಸ್ ಆಗುತ್ತಾ" ಅಂದವನಿಗೆ ಒಳ್ಳೇ ಜೊತೆ.

ಭಾಗಾಕಾರ ಮಾಡದೆಯೂ 641ನ್ನು ಹಿಡಿಯಬಹುದು, ಇದು ನನಗೆ ಇಡೀ ಕತೆಯಲ್ಲಿ ಅತಿ ಇಷ್ಟವಾದ ತುಂಡು. 641ನ್ನು ಎರಡು ಥರ ಬರೆಯಿರಿ. ಒಂದು, 641 = 640 + 1, ಅಂದರೆ 5 × 128 + 1. ಇನ್ನೊಂದು, 641 = 625 + 16, ಅಂದರೆ 5⁴ + 2⁴. ಈಗ 641 ಬಂದ ಕಡೆಯೆಲ್ಲ ಸೊನ್ನೆ ಅಂತ ಇಟ್ಟುಕೊಳ್ಳಿ, ಗಡಿಯಾರದಲ್ಲಿ ಹನ್ನೆರಡನ್ನು ಸೊನ್ನೆ ಅಂದ ಹಾಗೆ. ಮೊದಲನೆಯದರಿಂದ 5 × 2⁷ ಅಂದರೆ −1. ಅಂಥ ನಾಲ್ಕನ್ನು ಒಟ್ಟಿಗೆ ಗುಣಿಸಿದರೆ 5⁴ × 2²⁸ ಅಂದರೆ +1. ಎರಡನೆಯದರಿಂದ 5⁴ ಅಂದರೆ −2⁴. ಅದನ್ನು ಮೇಲಿನದರಲ್ಲಿ ತಂದು ಕೂರಿಸಿ: −2⁴ × 2²⁸, ಅಂದರೆ −2³², ಇದು +1. ಹಾಗಾದರೆ 2³² + 1 ಸೊನ್ನೆ. ಮುಗಿಯಿತು. ಹತ್ತಂಕಿಯ ಸಂಖ್ಯೆಯನ್ನು ಮುಟ್ಟಲೇ ಇಲ್ಲ, ಆದರೂ ಅದು 641ರಿಂದ ಭಾಗವಾಗುತ್ತದೆ ಅಂತ ಗೊತ್ತಾಯಿತು.

ಇನ್ನು 6700417. ಇದನ್ನೂ ಒಡೆಯಲಾಗುತ್ತಾ? ಇದರ ವರ್ಗಮೂಲ 2588ರ ಮೇಲೆ ಸ್ವಲ್ಪ, ಅಷ್ಟರೊಳಗೆ ಅಪವರ್ತನ ಸಿಗದಿದ್ದರೆ ಅವಿಭಾಜ್ಯ. 128ರ ಶೇಷ 1 ಇರುವ ಅವಿಭಾಜ್ಯಗಳು 2588ರೊಳಗೆ ಐದೇ: 257, 641, 769, 1153, 1409. ಐದೂ ಭಾಗಿಸಿದೆ. ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆ ಇಲ್ಲ. ಸರಿ, 6700417 ಅವಿಭಾಜ್ಯ. ಹಾಗಾಗಿ ಪೂರ್ತಿ ಜಾತಕ:

18446744073709551615 = 3 × 5 × 17 × 257 × 641 × 65537 × 6700417.

ಏಳು ಬೇರೆ ಬೇರೆ ಅವಿಭಾಜ್ಯ, ಯಾವುದೂ ಎರಡು ಸಲ ಇಲ್ಲ. ಹಾಗಾಗಿ ಇದರ ಒಟ್ಟು ಭಾಜಕಗಳು 2⁷, ಅಂದರೆ 128. ಎರಡರ ಘಾತದಿಂದ ಹುಟ್ಟಿದವನಿಗೆ ಭಾಜಕಗಳ ಎಣಿಕೆಯೂ ಎರಡರ ಘಾತ. ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಒಂದು ಹಾಳೆಯ ಎರಡು ಬದಿಯಲ್ಲಿ ಪೂರ್ತಿ ಬಿಡಿಸಿದ್ದೆ, ಕ್ಯಾಲ್ಕುಲೇಟರ್ ಇಲ್ಲದೆ. ಹೆಂಡತಿಗೆ ತೋರಿಸಿದೆ. "ಬೇಳೆ ಸರಿಹೋಯ್ತಾ?" ಅಂದಳು.

ಇಲ್ಲಿ ಮತ್ತೆ ಮಹಾವೀರಾಚಾರ್ಯ ಬರುತ್ತಾನೆ, ನಾನು ಕರೆದು ತಂದದ್ದಲ್ಲ. ಅವನಿಗೆ ಹಾರದಂಥ ಸಂಖ್ಯೆಗಳೆಂದರೆ ಇಷ್ಟ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಥರ ಇರುವಂಥವು. ಯಾವುದನ್ನು ಯಾವುದರಿಂದ ಗುಣಿಸಿದರೆ ಅಂಥ ಹಾರ ಬರುತ್ತದೆ ಅಂತ ಲೆಕ್ಕ ಕೊಡುತ್ತಾನೆ. 27994681 × 441 = 12345654321 ಅಂಥದ್ದೊಂದು. 12345679 × 9 = 111111111 ಇನ್ನೊಂದು, ಇದು ನಮಗೆ ಸ್ಕೂಲಿನಲ್ಲೂ ಯಾರೋ ತೋರಿಸಿದ್ದರು. ಮತ್ತೊಂದು 152207 × 73 = 11111111. ಈ ಕೊನೆಯದನ್ನು ನೋಡಿ ಕೂತೇಬಿಟ್ಟೆ. ಎಂಟು ಒಂದು, ಮೇಲೆ ಮಡಚಿದ ಬಟ್ಟೆಯೇ: 11 × 101 × 10001. ಹಾಗಾದರೆ 73 ಎಲ್ಲಿಂದ ಬಂತು? 10001ರಿಂದ! ನೋಡಿದರೆ ಒಡೆಯದ ಕಲ್ಲಿನ ಹಾಗೆ ಕಾಣುವ 10001 ಅಂದರೆ 73 × 137. ಹತ್ತರ ಲೆಕ್ಕದ ಮಡಿಕೆಗಳಲ್ಲಿ 11 ಮತ್ತು 101 ಗಟ್ಟಿ, ಮೂರನೆಯದು ಬಿರುಕು ಬಿಡುತ್ತದೆ. ಎರಡರ ಲೆಕ್ಕದಲ್ಲಿ ಐದು ಗಟ್ಟಿ, ಆರನೆಯದು ಬಿರುಕು ಬಿಡುತ್ತದೆ. 73 ಅವನ 641. ಆಯ್ಲರ್‌ಗಿಂತ ಸುಮಾರು ಒಂಬತ್ತು ಶತಮಾನ ಮುಂಚೆ ಒಬ್ಬ ಅದೇ ಥರದ ಬಿರುಕಿಗೆ ಉಗುರು ಹಾಕಿದ್ದ. ಅವನಿಗೆ ಫರ್ಮಾ ಸಂಖ್ಯೆ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಹಾಗೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ಎರಡೂ ಲೆಕ್ಕದ ಒಳಗಿನ ಮಡಿಕೆ ಒಂದೇ ಅಂತ ಅಷ್ಟೇ ನನ್ನ ಮಾತು.

ಮೊದಲ ಐದು ಗಟ್ಟಿ ಕಲ್ಲುಗಳಿಗೆ ಬೇರೆಯೇ ಖ್ಯಾತಿ ಇದೆ. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, ಬರೀ ಸ್ಕೇಲು ಮತ್ತು ಕೈವಾರದಿಂದ 17 ಬಾಹುಗಳ ಸಮ ಬಹುಭುಜ ಎಳೆಯಬಹುದು ಅಂತ ಕಂಡುಕೊಂಡ. 3, 5, 17, 257, 65537 ಇವನ್ನು ಒಂದೊಂದು ಸಲ ಬಳಸಿ ಗುಣಿಸಿದರೆ ಸಿಗುವ ಬಾಹುಗಳೆಲ್ಲ ಎಳೆಯಬಹುದಾದವೇ. ಐದನ್ನೂ ಗುಣಿಸಿದರೆ 4294967295, ಅಂದರೆ 2³² − 1. ಬೆಸ ಸಂಖ್ಯೆಯ ಬಾಹುಗಳಲ್ಲಿ, ಇವತ್ತಿಗೆ ಗೊತ್ತಿರುವ ಮಟ್ಟಿಗೆ, ಇದೇ ದೊಡ್ಡದು. ಯಾಕೆಂದರೆ ಆರನೇ ಅವಿಭಾಜ್ಯ ಫರ್ಮಾ ಸಂಖ್ಯೆ ಇನ್ನೂ ಸಿಕ್ಕಿಲ್ಲ. ಯೋಹಾನ್ ಹರ್ಮೆಸ್ ಅನ್ನುವ ಜರ್ಮನ್ ಗಣಿತಜ್ಞ 65537 ಬಾಹುಗಳ ಆಕೃತಿಯ ರಚನೆಗೆ ಹತ್ತು ವರ್ಷ ಕೊಟ್ಟು 1894ರಲ್ಲಿ ಮುಗಿಸಿದ, ಆ ಕಾಗದಗಳು ಗೊಟ್ಟಿಂಗೆನ್‌ನಲ್ಲಿ ಇವೆ. ಹತ್ತು ವರ್ಷ! ಎಳೆದರೂ ವೃತ್ತದ ಥರವೇ ಕಾಣುವ ಒಂದು ಚಿತ್ರಕ್ಕೆ. ಅದೇ 65537 ಇವತ್ತು ಆರ್‌ಎಸ್‌ಎ ಗೂಢಲಿಪಿಯಲ್ಲಿ ಸಾರ್ವಜನಿಕ ಕೀಲಿಯ ಘಾತವಾಗಿ ಎಲ್ಲೆಲ್ಲೂ ಬಳಕೆಯಲ್ಲಿದೆ. ಎರಡರ ಲೆಕ್ಕದಲ್ಲಿ ಬರೆದರೆ ಅದರಲ್ಲಿ ಎರಡೇ ಒಂದುಗಳು, ನಡುವೆ ಹದಿನೈದು ಸೊನ್ನೆ, ಹಾಗಾಗಿ ಯಂತ್ರಕ್ಕೆ ಲೆಕ್ಕ ಬೇಗ ಆಗುತ್ತದೆ.

ಚದುರಂಗದ ಕತೆ ಹೇಳದೆ ಇದನ್ನು ಮುಗಿಸಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, 64 ಮನೆ. ಒಟ್ಟು ಕಾಳು ಸರಿಯಾಗಿ ನಮ್ಮ ಸಂಖ್ಯೆಯೇ. ಕ್ರಿ.ಶ. 1000ದ ಹೊತ್ತಿಗೇ ಅಲ್-ಬಿರೂನಿ ಇಪ್ಪತ್ತೂ ಅಂಕಿ ಸರಿಯಾಗಿ ಬರೆದಿಟ್ಟಿದ್ದಾನೆ. ಕತೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳಲ್ಲ. ನಾನು ಮಾಡಿದ್ದು ಬೇರೆ. ಭಾನುವಾರ ಅಮ್ಮನ ಸೋನಾ ಮಸೂರಿ ಡಬ್ಬದಿಂದ 500 ಕಾಳು ಎಣಿಸಿ ಅಡುಗೆಮನೆ ತಕ್ಕಡಿಗೆ ಹಾಕಿದೆ. 6 ಗ್ರಾಂ ತೋರಿಸಿತು. ತಕ್ಕಡಿ ಅರ್ಧ ಗ್ರಾಂ ಆಚೀಚೆ ಆಗಬಹುದು, ಅದು ಬಿಡಿ. ಅಂದರೆ ಸಾವಿರ ಕಾಳಿಗೆ 12 ಗ್ರಾಂ.

ಮೊದಲ ಸಾಲು, ಎಂಟು ಮನೆ: 255 ಕಾಳು, ಒಂದು ಚಿಟಿಕೆ, 3 ಗ್ರಾಂ. ಅರ್ಧ ಹಲಗೆ, 32 ಮನೆ: 4294967295 ಕಾಳು, ಸುಮಾರು 51 ಟನ್. ಹತ್ತು ಟನ್ನಿನ ಲಾರಿ ಐದು. ರಾಜನಿಗೆ ಇದು ಯಾವ ಲೆಕ್ಕ, ಕಳಿಸಿಬಿಡುತ್ತಿದ್ದ. (ಗಮನಿಸಿ, ಅರ್ಧ ಹಲಗೆಯ ಕಾಳು ಅಂದರೆ ಆ ಐದು ಗಟ್ಟಿ ಕಲ್ಲುಗಳ ಗುಣಲಬ್ಧವೇ, ಗೌಸ್‌ನ ಬಹುಭುಜ.) ಪೂರ್ತಿ ಹಲಗೆ: ಸುಮಾರು 22,000 ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿಗೆ ಸ್ವಲ್ಪ ಮೇಲೆ. ಒಂದು ತುತ್ತೂ ತಿನ್ನದೆ ಕೂಡಿಟ್ಟರೂ ನಾಲ್ಕು ನೂರು ವರ್ಷಕ್ಕೂ ಜಾಸ್ತಿ ಬೇಕು. 1565ರಲ್ಲಿ ತಾಳಿಕೋಟೆ ಯುದ್ಧ ಮುಗಿದ ಮೇಲೆ ಇವತ್ತಿನ ಲೆಕ್ಕದಲ್ಲಿ ಅಕ್ಕಿ ಕೂಡಿಡಲು ಶುರು ಮಾಡಿದ್ದರೆ ಕೆಲವು ದಶಕಗಳ ಹಿಂದಷ್ಟೇ ಮುಗಿದಿರುತ್ತಿತ್ತು. ಅಮ್ಮ ಆ 500 ಕಾಳನ್ನು ವಾಪಸ್ ಡಬ್ಬಕ್ಕೆ ಹಾಕಲು ಹೇಳಿದರು. ಎಣಿಸಿ ಹಾಕು ಅನ್ನಲಿಲ್ಲ ಸದ್ಯ.

ಇದೇ ಸಂಖ್ಯೆಗೆ ಕಾಶಿಯ ವೇಷವೂ ಉಂಟು. 641ರ ಹುಡುಕಾಟವನ್ನು ಬಿಗಿ ಮಾಡಿದ ಲ್ಯೂಕಾಸ್ 1883ರಲ್ಲಿ ಹನೋಯ್ ಗೋಪುರ ಅನ್ನುವ ಆಟಿಕೆ ಮಾರುಕಟ್ಟೆಗೆ ತಂದ. ಅದರ ಜೊತೆ ಒಂದು ಕತೆ ಹಬ್ಬಿತು: ಕಾಶಿಯ ದೇವಸ್ಥಾನದಲ್ಲಿ ಪೂಜಾರಿಗಳು 64 ಚಿನ್ನದ ತಟ್ಟೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ. ಕಾಶಿಯಲ್ಲಿ ಅಂಥ ದೇವಸ್ಥಾನ ಇಲ್ಲ, ಕತೆ ಪ್ಯಾರಿಸ್‌ನದ್ದು. ನಡೆಗಳು ಎಷ್ಟು? ಅದೇ, 2⁶⁴ − 1. ಸೆಕೆಂಡಿಗೆ ಒಂದು ನಡೆ ಇಟ್ಟರೆ ಸುಮಾರು 58,400 ಕೋಟಿ ವರ್ಷ. ವಿಶ್ವಕ್ಕೆ ಈಗ 1,380 ಕೋಟಿ ವರ್ಷ ವಯಸ್ಸು. ಪೂಜಾರಿಗಳು ಆರಾಮಾಗಿ ಕಾಫಿ ಕುಡಿದು ಬರಬಹುದು.

ಇಷ್ಟು ದೊಡ್ಡದಾದರೂ ಯಂತ್ರಗಳ ಲೋಕದಲ್ಲಿ ಇದು ದಿನಬಳಕೆಯ ಅಳತೆ. 2014ರ ಡಿಸೆಂಬರಿನಲ್ಲಿ ಗಂಗ್ನಂ ಸ್ಟೈಲ್ ಹಾಡಿನ ವೀಕ್ಷಣೆ, ಮೈನಸ್ ಚಿಹ್ನೆಗೂ ಜಾಗ ಬಿಟ್ಟ 32 ಬಿಟ್ ಸಂಖ್ಯೆಯ ಮಿತಿಯಾದ 2147483647 ದಾಟಿದ ಸುದ್ದಿ ಬಂತಲ್ಲ, ಯೂಟ್ಯೂಬ್ ಆಗ ಎಣಿಕೆಯನ್ನು 32 ಬಿಟ್‌ನಿಂದ 64 ಬಿಟ್‌ಗೆ ಏರಿಸಿತ್ತು. ಹೊಸ ಮಾದರಿಯ ಇಂಟರ್ನೆಟ್ ವಿಳಾಸ ಪದ್ಧತಿಯಲ್ಲಿ ಒಂದು ಮನೆಯ ವೈಫೈಗೆ ಸಾಮಾನ್ಯವಾಗಿ 2⁶⁴ ವಿಳಾಸಗಳ ಒಂದು ತುಂಡು ಸಿಗುತ್ತದೆ. ನಮ್ಮ ಮನೆಯಲ್ಲಿ ಇರುವುದು ಎರಡು ಫೋನು, ಒಂದು ಲ್ಯಾಪ್‌ಟಾಪು, ಕೆಟ್ಟು ಕೂತ ಒಂದು ಟಿವಿ.

ಸೋಮವಾರ ಕೋಡಿನಲ್ಲಿ ಕಳೆಯುವ ಮುಂಚೆ ಸೊನ್ನೆ ಇದೆಯಾ ಅಂತ ನೋಡುವ ಸಾಲು ಹಾಕಿ, ಒಂದು ಪರೀಕ್ಷೆಯನ್ನೂ ಸೇರಿಸಿದೆ. ಪರೀಕ್ಷೆಗೆ ಯಾವುದೋ ಒಂದು ಆರಂಭದ ದಾಸ್ತಾನು ಬೇಕಿತ್ತು. 641 ಪ್ಯಾಕೆಟ್ ಅಂತ ಇಟ್ಟೆ. ಕೋಡು ನೋಡಿದ ಸಹೋದ್ಯೋಗಿ "ಇದ್ಯಾಕೆ 641?" ಅಂತ ಕಮೆಂಟ್ ಹಾಕಿದಳು. ಸುಮ್ನೆ ಅಂದೆ.

ಈಗ ಬಸ್ಸಿನಲ್ಲಿ ಇನ್ನೊಂದು ಹಿಡಿದಿದ್ದೇನೆ. ನಮ್ಮ ಸಂಖ್ಯೆಯ ಎರಡು ಮನೆ ಆಚೆ ಇರುವವನು, 18446744073709551617, ಅಂದರೆ 2⁶⁴ + 1, ಮೆಟ್ಟಿಲಿನ ಮುಂದಿನ ಫರ್ಮಾ ಸಂಖ್ಯೆ. ಇವನೂ ಅವಿಭಾಜ್ಯ ಅಲ್ಲ. ಫಾರ್ಚ್ಯುನೆ ಲಾಂಡ್ರಿ 1880ರಲ್ಲಿ ಒಡೆದು ತೋರಿಸಿದ, 274177 × 67280421310721. ಇಲ್ಲಿ ಅಪವರ್ತನಗಳು 256ರ ಶೇಷ 1 ಇರಬೇಕು. 257ರಿಂದ ಶುರು ಮಾಡಿ 256, 256 ಕೂಡುತ್ತಾ ನಾನೇ ಕೈಯಲ್ಲಿ 274177 ಮುಟ್ಟಬೇಕು ಅಂತ ಹೊರಟೆ. ಅದು ಆ ಸಾಲಿನಲ್ಲಿ 1071ನೆಯದು. ನಿನ್ನೆ ಇಳಿಯುವ ಸ್ಟಾಪ್ ಬರುವಾಗ 38ರಲ್ಲಿದ್ದೆ.